ಜಾಮೀನು ಸಿಕ್ಕಿದೆ, ಶ್ಯೂರಿಟಿ ಸಿಗುತ್ತಿಲ್ಲ: ಮುಂದೇನು?

ಪ್ರಶ್ನೆ: ನಾವು ಸಿರುಗುಪ್ಪ ತಾಲ್ಲೂಕಿನ ಕೂಲಿಕಾರರು. ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ ನನ್ನ ತಮ್ಮ ಮನೆಗಳ್ಳತನದ ಆರೋಪದ ಮೇಲೆ ಒಂದು ವರ್ಷದಿಂದ ಪಕ್ಕದ ಜಿಲ್ಲೆಯ ಜೈಲಿನಲ್ಲಿದ್ದಾನೆ. ಜಾಮೀನು ಸಿಕ್ಕಿ ಎರಡು ತಿಂಗಳಾಯಿತು. ಐವತ್ತು ಸಾವಿರ ರೂಪಾಯಿಯ ಬಾಂಡು ಮತ್ತು ಆ ಊರಿನವರೇ ಆದ ಇಬ್ಬರು ಶ್ಯೂರಿಟಿ ಬೇಕಂತೆ. ಅಲ್ಲಿ ನಮಗೆ ಯಾರೂ ಪರಿಚಯವಿಲ್ಲ. ದುಡ್ಡು ಕೊಟ್ಟರೆ ಪಹಣಿ ಇರುವವರನ್ನು ಕರೆತಂದು ನಿಲ್ಲಿಸುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ. ಹೊಸ ಕಾನೂನಿನಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡುತ್ತಾರೆಂಬುದು ನಿಜವೇ? ಒಳಗೆ ಪಾಯಿಖಾನೆ ತೊಳೆಯಲು ನಮ್ಮ ಜಾತಿಯವರನ್ನೇ ಹಚ್ಚುತ್ತಾರೆಂದು ತಮ್ಮ ಹೇಳಿದ. ಇದನ್ನು ಯಾರಿಗೆ ಹೇಳಬೇಕು?

ಉತ್ತರ: ಮೊದಲು ಆ ಮಧ್ಯವರ್ತಿಯ ಮಾತನ್ನು ಬಿಟ್ಟುಬಿಡಿ. ಶ್ಯೂರಿಟಿಯಾಗಿ ನಿಲ್ಲುವವರು ತಾವು ಈಗಾಗಲೇ ಎಷ್ಟು ಆರೋಪಿಗಳಿಗೆ ಜಾಮೀನು ನಿಂತಿದ್ದೇವೆಂಬುದನ್ನು ವಿವರಗಳ ಸಮೇತ ನ್ಯಾಯಾಲಯದ ಮುಂದೆ ಘೋಷಿಸಬೇಕು. ಬಾಡಿಗೆ ಶ್ಯೂರಿಟಿಯ ದಾಖಲೆ ಸುಳ್ಳೆಂದು ಗೊತ್ತಾದರೆ ನಿಮ್ಮ ತಮ್ಮನ ಜಾಮೀನಿಗೆ ಕುತ್ತು ಬರುವುದಲ್ಲದೆ, ನಿಮ್ಮ ಮೇಲೂ ಬೇರೆಯೊಂದು ಪ್ರಕರಣ ಬೀಳಬಹುದು.

ಜಾಮೀನು ಸಿಕ್ಕ ಮೇಲೂ ಬಡತನದ ಕಾರಣಕ್ಕೆ ಒಳಗೇ ಉಳಿಯುವವರ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 1978ರಷ್ಟು ಹಿಂದೆಯೇ ಮೋತಿರಾಮ್ ಪ್ರಕರಣದಲ್ಲಿ, ಬೇರೆ ಜಿಲ್ಲೆಯವರೆಂಬ ಕಾರಣಕ್ಕೆ ಶ್ಯೂರಿಟಿಯನ್ನು ತಿರಸ್ಕರಿಸುವುದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಮೇಲೂ ಆ ಪದ್ಧತಿ ನಿಲ್ಲದಿದ್ದುದರಿಂದ 2023ರ ಜನವರಿ 31ರಂದು ಅದೇ ನ್ಯಾಯಾಲಯ ವಿವರವಾದ ನಿರ್ದೇಶನಗಳನ್ನು ನೀಡಿತು. ಅವುಗಳ ಪ್ರಕಾರ ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಕಾರಾಗೃಹ ಅಧೀಕ್ಷಕರ ಮೂಲಕ ಕೈದಿಗೆ ಇ-ಮೇಲ್‌ನಲ್ಲಿ ತಲುಪಿಸಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡು ಕೊಡಲಾಗದಿದ್ದರೆ, ಷರತ್ತನ್ನು ಸಡಿಲಿಸಬೇಕೇ ಎಂಬುದನ್ನು ನ್ಯಾಯಾಲಯ ಯಾರ ಅರ್ಜಿಯೂ ಇಲ್ಲದೆ ತಾನಾಗಿಯೇ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯ ಪಟ್ಟು ಬಿಡುಗಡೆಯನ್ನು ತಡೆಯುತ್ತಿರುವ ಕಾರಣಗಳಲ್ಲೊಂದು, ಅಂಥ ಷರತ್ತು ಹಾಕದಿರುವುದೇ ಲೇಸು ಎಂಬ ಮಾತೂ ಅಲ್ಲಿದೆ. ನಿಮ್ಮ ತಮ್ಮನ ವಿಷಯದಲ್ಲಿ ಏಳು ದಿನವೂ ಕಳೆದಿದೆ, ತಿಂಗಳೂ ಕಳೆದಿದೆ.

ಆದ್ದರಿಂದ ಪ್ರಕರಣ ನಡೆಯುತ್ತಿರುವ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಡಿ; ಸಾಮಾನ್ಯವಾಗಿ ಅದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಪ್ರಶ್ನೆಯೇ ಇಲ್ಲದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಅಲ್ಲಿಗೆ ಹೋಗುವ ಮೊದಲು ಮಾಹಿತಿ ಬೇಕಿದ್ದರೆ 15100ಕ್ಕೆ ಕರೆ ಮಾಡಬಹುದು. ಜಾಮೀನು ಆದೇಶದ ಪ್ರತಿ, ನಿಮ್ಮ ರೇಷನ್ ಕಾರ್ಡು ಮತ್ತು ಸಿರುಗುಪ್ಪ ಭಾಗದಲ್ಲಿ ಶ್ಯೂರಿಟಿ ನಿಲ್ಲಲು ಒಪ್ಪುವ ನೆಂಟರಿದ್ದರೆ ಅವರ ಪಹಣಿಯನ್ನು ಜೊತೆಗಿಟ್ಟುಕೊಳ್ಳಿ. ಷರತ್ತು ಬದಲಾಯಿಸುವ ಅರ್ಜಿ ಜಾಮೀನು ಕೊಟ್ಟ ನ್ಯಾಯಾಲಯಕ್ಕೇ ಹೋಗುತ್ತದೆ. ಅಲ್ಲಿ ಆಗದಿದ್ದರೆ, ಬಾಂಡಿನ ಮೊತ್ತ ಮಿತಿಮೀರಬಾರದೆನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟು ಮೊತ್ತವನ್ನು ಇಳಿಸಬಹುದು. ಇಲ್ಲೊಂದು ಎಚ್ಚರ: ನಿಮ್ಮ ಊರು ಯಾವುದೆಂಬುದು ಮುಖ್ಯವಲ್ಲ. ಪ್ರಕರಣ ಕೊಪ್ಪಳ ಜಿಲ್ಲೆಯದಾದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರು ಜಿಲ್ಲೆಯದಾದರೆ ಕಲಬುರಗಿ ಪೀಠಕ್ಕೆ ಹೋಗಬೇಕಾಗುತ್ತದೆ.

ಬಡ ಕೈದಿಗಳ ನೆರವಿಗಾಗಿ ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಒಂದು ಯೋಜನೆ ತಂದಿತು. ಆರಂಭದ ಮಾರ್ಗಸೂಚಿಯಲ್ಲಿ ವಿಚಾರಣಾಧೀನ ಕೈದಿಯೊಬ್ಬರಿಗೆ 40,000 ರೂಪಾಯಿವರೆಗೆ ನೆರವಿಗೆ ಅವಕಾಶವಿತ್ತು. ಜಿಲ್ಲಾಮಟ್ಟದ ಸಮಿತಿ ಒಪ್ಪಿದರೆ ಆ ಹಣ ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ. ಯೋಜನೆ ಹಣ ಕೊಡುತ್ತದೆ, ಶ್ಯೂರಿಟಿಯನ್ನು ಹುಡುಕಿಕೊಡುವುದಿಲ್ಲ. ಹಾಗಾಗಿ ಶ್ಯೂರಿಟಿಯ ಬದಲು ನಗದು ಠೇವಣಿಗೆ ಅನುಮತಿ ಕೋರುವ ಅರ್ಜಿಯನ್ನೂ ಯೋಜನೆಯ ಅರ್ಜಿಯನ್ನೂ ಒಟ್ಟಿಗೆ ಹಾಕಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿದರೆ ಕಾಗದ ಅಲೆದಾಡುತ್ತದೆಯೇ ಹೊರತು ಕೆಲಸವಾಗದು.

ಇನ್ನು ಮೂರನೇ ಒಂದು ಭಾಗದ ಮಾತು. ಅದು ನಿಜ, ಆದರೆ ನಿಮಗೆ ಸದ್ಯಕ್ಕೆ ಉಪಯೋಗವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 479ನೇ ಕಲಂ ಪ್ರಕಾರ, ಈ ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನೂ ಉಳಿದವರು ಅರ್ಧವನ್ನೂ ಬಂಧನದಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹರಾಗುತ್ತಾರೆ. ಆ ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಅಧೀಕ್ಷಕರ ಕರ್ತವ್ಯ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೂ ಇದು ಅನ್ವಯಿಸದು. ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷವಾದ್ದರಿಂದ ಒಂದು ವರ್ಷ ಸಾಕಾಗುತ್ತಿತ್ತು. ವಾಸದ ಮನೆಯೊಳಗಿನ ಕಳವಿಗೆ ಏಳು ವರ್ಷವಿರುವುದರಿಂದ ಲೆಕ್ಕ ಎರಡು ವರ್ಷ ನಾಲ್ಕು ತಿಂಗಳಿಗೆ ಹೋಗುತ್ತದೆ. ರಾತ್ರಿ ಬೀಗ ಮುರಿದ ಆರೋಪವೂ ಸೇರಿದ್ದರೆ ಇನ್ನೂ ಮುಂದಕ್ಕೆ. ದೋಷಾರೋಪ ಪಟ್ಟಿಯಲ್ಲಿ ಯಾವ ಕಲಂ ಇದೆಯೆಂದು ವಕೀಲರಿಂದ ಓದಿಸಿಕೊಳ್ಳಿ.

ಪಾಯಿಖಾನೆಯ ಕೆಲಸದ ಬಗ್ಗೆ ಕಾನೂನಿನಲ್ಲಿ ಗೊಂದಲವೇ ಇಲ್ಲ. ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿ, ಜೈಲು ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ಕಾರಾಗೃಹ ರಾಜ್ಯಪಟ್ಟಿಯ ವಿಷಯ. ನಮ್ಮಲ್ಲಿ 1963ರ ಕರ್ನಾಟಕ ಕಾರಾಗೃಹ ಕಾಯ್ದೆಯಿದೆ. ಆದರೆ ರಾಜ್ಯದ ಯಾವ ಕಾಯ್ದೆಯೂ ನಿಯಮಾವಳಿಯೂ ಈ ತೀರ್ಪನ್ನು ಮೀರುವಂತಿಲ್ಲ. ಮೇಲಾಗಿ, ಶಿಕ್ಷೆಯೇ ಆಗದ ವಿಚಾರಣಾಧೀನ ಕೈದಿಯನ್ನು ಬಲವಂತವಾಗಿ ದುಡಿಸುವಂತಿಲ್ಲ. ಜಾತಿ ತಾರತಮ್ಯ ಇನ್ನೂ ಇದೆಯೇ ಎಂದು ಜೈಲುಗಳನ್ನು ತಪಾಸಿಸುವ ಹೊಣೆಯನ್ನು ಆ ತೀರ್ಪು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಸಂದರ್ಶಕರ ಮಂಡಳಿಗೂ ಒಪ್ಪಿಸಿರುವುದರಿಂದ, ಈ ದೂರನ್ನು ಜಾಮೀನಿನ ಮನವಿಯೊಳಗೆ ಸೇರಿಸದೆ ಬೇರೆ ಹಾಳೆಯಲ್ಲಿ ಬರೆದು ಪ್ರಾಧಿಕಾರಕ್ಕೆ ಕೊಟ್ಟು, ಎರಡಕ್ಕೂ ಪ್ರತ್ಯೇಕ ಸ್ವೀಕೃತಿ ಪಡೆಯಿರಿ.