ಹಕೀಮ್ ಒಲಾಜುವಾನ್ ಈಗಿನ ಎನ್‌ಬಿಎಯಲ್ಲಿ ಆಡಿದ್ದರೆ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಈಗ ಪೂರ್ತಿ ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹೊಡೆಯುವ, ಮೂರು ಪಾಯಿಂಟ್ ಕೊಡುವ ಶಾಟ್) ಆಟ ಆಗಿಬಿಟ್ಟಿದೆ, ಹಕೀಮ್ ಒಲಾಜುವಾನ್ ಥರದ ಹಳೇ ಸೆಂಟರ್‌ಗೆ, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರನಿಗೆ, ಇದರಲ್ಲಿ ಜಾಗ ಇರುತ್ತಿತ್ತಾ ಅಂತ ಕೇಳಿದ್ದೀರಿ. ಖಂಡಿತ ಇರುತ್ತಿತ್ತು. ಈಗಲೂ ಲೀಗ್‌ನ ಮೊದಲ ಐದು ಆಟಗಾರರಲ್ಲಿ ಅವರು ಇರುತ್ತಿದ್ದರು ಅಂತಲೇ ನನ್ನ ನಂಬಿಕೆ.

ಹಕೀಮ್ ಅಂದ ಕೂಡಲೇ ಎಲ್ಲರಿಗೂ 'ಡ್ರೀಮ್ ಶೇಕ್' ನೆನಪಾಗುತ್ತದೆ. ರಿಂಗ್‌ಗೆ ಬೆನ್ನು ಹಾಕಿ ನಿಲ್ಲುವುದು, ಭುಜ ಒಂದು ಕಡೆ ಆಡಿಸುವುದು, ಎದುರಿನವನು ಅತ್ತ ವಾಲಿದ ತಕ್ಷಣ ಇತ್ತ ತಿರುಗಿ ಶಾಟ್ ಹೊಡೆಯುವುದು. 1995ರಲ್ಲಿ ಎದುರಾಳಿ ಸೆಂಟರ್ ಡೇವಿಡ್ ರಾಬಿನ್ಸನ್ ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ. ಅಂಥವರ ಎದುರು ಆರು ಪಂದ್ಯಗಳ ಪ್ಲೇಆಫ್ ಸರಣಿಯಲ್ಲಿ ಹಕೀಮ್ ಸರಾಸರಿ 35 ಪಾಯಿಂಟ್ ಹೊಡೆದರು. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಅವರ ಡಿಫೆನ್ಸ್‌ನಲ್ಲಿ.

1994ರ ಫೈನಲ್, ಆರನೇ ಪಂದ್ಯ. ಏಳು ಪಂದ್ಯಗಳ ಸರಣಿಯಲ್ಲಿ ನ್ಯೂಯಾರ್ಕ್ ನಿಕ್ಸ್ 3-2 ಮುಂದಿದೆ. ಈ ಪಂದ್ಯದಲ್ಲಿ ಹಕೀಮ್ ಟೀಮ್ ಹ್ಯೂಸ್ಟನ್ ರಾಕೆಟ್ಸ್ 86-84 ಮುಂದೆ, ಉಳಿದಿರುವುದು ಕೆಲವೇ ಸೆಕೆಂಡು. ಚೆಂಡು ನಿಕ್ಸ್‌ನ ಗಾರ್ಡ್ ಜಾನ್ ಸ್ಟಾರ್ಕ್ಸ್ ಕೈಯಲ್ಲಿ. ಕೊನೇ ಕ್ವಾರ್ಟರ್‌ನಲ್ಲಿ ಸ್ಟಾರ್ಕ್ಸ್ ಹಾಕಿದ್ದೆಲ್ಲ ಒಳಗೆ ಹೋಗುತ್ತಿತ್ತು. ಒಂದು ತ್ರೀ ಬಿದ್ದರೆ ನಿಕ್ಸ್ ಚಾಂಪಿಯನ್. ನಿಕ್ಸ್ ಸೆಂಟರ್ ಪ್ಯಾಟ್ರಿಕ್ ಯೂಯಿಂಗ್ ಸ್ಕ್ರೀನ್ ಹಾಕುತ್ತಾರೆ, ಅಂದರೆ ಸ್ಟಾರ್ಕ್ಸ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾರೆ. ಹಕೀಮ್ ಯೂಯಿಂಗ್‌ನನ್ನು ಬಿಟ್ಟು ಸ್ಟಾರ್ಕ್ಸ್ ಕಡೆ ಹೊರಗೆ ಓಡುತ್ತಾರೆ. ಸ್ಟಾರ್ಕ್ಸ್ ಎಡಕ್ಕೆ ಸರಿದು ಮೇಲೆ ಹಾರುತ್ತಾರೆ. ಅಷ್ಟರಲ್ಲಿ ಹಕೀಮ್ ಬೆರಳ ತುದಿ ಚೆಂಡಿಗೆ ತಾಗಿರುತ್ತದೆ. ಚೆಂಡು ರಿಂಗ್‌ವರೆಗೂ ಹೋಗುವುದಿಲ್ಲ. ರಾಕೆಟ್ಸ್ ಆ ಪಂದ್ಯ ಗೆದ್ದು, ಏಳನೆಯದನ್ನೂ ಗೆದ್ದರು.

ಇದನ್ನು ಇವತ್ತಿನ ಆಟದ ಜೊತೆ ಇಟ್ಟು ನೋಡಿ. ಈಗ ಪ್ರತಿ ರಾತ್ರಿ ಎಲ್ಲ ಟೀಮೂ ಮಾಡುವುದು ಇದನ್ನೇ ಅಲ್ವಾ? ಸ್ಕ್ರೀನ್ ಹಾಕಿ, ಎದುರಾಳಿಯ ಸೆಂಟರ್‌ನನ್ನು ಹೊರಗೆ ಎಳೆದು, ವೇಗದ ಗಾರ್ಡ್ ಮುಂದೆ ಒಂಟಿಯಾಗಿ ನಿಲ್ಲಿಸುವುದು. ಎಷ್ಟೋ ಎತ್ತರದ ಆಟಗಾರರು ಅಲ್ಲಿ ನಿಲ್ಲಲಾಗದೆ ಬೆಂಚ್‌ಗೆ ಹೋಗುತ್ತಾರೆ. ಹಕೀಮ್‌ಗೆ ಆ ಕಷ್ಟ ಇರಲಿಲ್ಲ. ಲಾಗೋಸ್‌ನಲ್ಲಿ ಬೆಳೆಯುವಾಗ ಅವರು ಆಡಿದ್ದು ಹ್ಯಾಂಡ್‌ಬಾಲ್, ಜೊತೆಗೆ ಫುಟ್‌ಬಾಲ್ ಗೋಲ್‌ಕೀಪಿಂಗ್. ಬಾಸ್ಕೆಟ್‌ಬಾಲ್ ಹಿಡಿದದ್ದು ಹದಿಹರೆಯದ ಕೊನೆಯ ಹೊತ್ತಿಗೆ. ಅವರ ಕಾಲಿನ ಚುರುಕು ಅಲ್ಲಿಂದ ಬಂದದ್ದು. ವೃತ್ತಿಜೀವನದಲ್ಲಿ 3,830 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು) ಮಾಡಿ ದಾಖಲೆ ಇಟ್ಟಿದ್ದಾರೆ, ಅದು ಬಹಳ ಜನಕ್ಕೆ ಗೊತ್ತು. ಅದರ ಜೊತೆ 2,162 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಇವೆ. ಒಬ್ಬ ಸೆಂಟರ್‌ಗೆ ಅಷ್ಟು ಸ್ಟೀಲ್! ನನಗೆ ಬ್ಲಾಕ್‌ಗಿಂತ ಈ ಸಂಖ್ಯೆಯೇ ದೊಡ್ಡದಾಗಿ ಕಾಣುತ್ತದೆ.

ತೊಂದರೆ ಆಗುತ್ತಿದ್ದ ಜಾಗವೂ ಇದೆ. ಅವರಿಗೆ ತ್ರೀ ಹೊಡೆಯುವ ಅಭ್ಯಾಸ ಇರಲಿಲ್ಲ. ಇನ್ನೊಂದು, 2001ರವರೆಗೆ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬ ಆಟಗಾರನ ಬದಲು ಒಂದು ಜಾಗವನ್ನು ಕಾಯುವುದಕ್ಕೆ, ಅವಕಾಶ ಇರಲಿಲ್ಲ. ಹಾಗಾಗಿ ಹಕೀಮ್ ಒಬ್ಬರ ವಿರುದ್ಧ ಒಬ್ಬರಾಗಿ ಆರಾಮಾಗಿ ಆಡಬಹುದಿತ್ತು. ಈಗಾದರೆ ಸಹಾಯಕ್ಕೆ ಬರುವವನು ಮೊದಲೇ ಅರ್ಧ ದಾರಿಯಲ್ಲಿ ನಿಂತಿರುತ್ತಾನೆ.

ಆದರೆ ಅದಕ್ಕೆ ಮದ್ದು ಅವರ ಟೀಮಿನಲ್ಲೇ ಇತ್ತು. ಕೋಚ್ ರೂಡಿ ಟಾಮ್ಜನೋವಿಚ್ ಹಕೀಮ್‌ನನ್ನು ನಡುವೆ ಇಟ್ಟು, ಸುತ್ತ ಕೆನ್ನಿ ಸ್ಮಿತ್, ರಾಬರ್ಟ್ ಹೋರಿ, ಮಾರಿಯೋ ಎಲಿ ಥರದ ಶೂಟರ್‌ಗಳನ್ನು ನಿಲ್ಲಿಸಿದರು. ಇಬ್ಬರು ಮುತ್ತಿಕೊಂಡರೆ ಹಕೀಮ್ ಚೆಂಡು ಹೊರಗೆ ಕೊಡುತ್ತಿದ್ದರು, ಅಲ್ಲಿಂದ ತ್ರೀ. 30 ವರ್ಷದ ಹಿಂದೆಯೇ ಇವತ್ತಿನ ಆಟದ ನಕ್ಷೆ ಅದು.

1993-94ರಲ್ಲಿ ಅವರ ಸರಾಸರಿ 27.3 ಪಾಯಿಂಟ್. ಈಗ ಅದು ಒಂದೆರಡು ಇಳಿಯಬಹುದು, ಪಾಸ್‌ಗಳು ಜಾಸ್ತಿ ಆಗಬಹುದು. ಶಾಟ್‌ಗಳು ಹೊರಗಿನಿಂದಲೇ ಬರುವುದರಿಂದ ಬ್ಲಾಕ್ ಕೂಡ ಕಡಿಮೆ ಆಗಬಹುದು. ಸಮಯ ಸಿಕ್ಕರೆ ಆ ಆರನೇ ಪಂದ್ಯದ ಕೊನೇ ಎರಡು ನಿಮಿಷ ಹುಡುಕಿ ನೋಡಿ. ಚೆಂಡನ್ನು ಬಿಟ್ಟು ಹಕೀಮ್ ಕಾಲುಗಳನ್ನೇ ನೋಡಿ.