ಲೇಸರ್‌ನಿಂದ ಹಲ್ಲು ಕೊರೆದರೆ ಫಿಲ್ಲಿಂಗ್‌ಗೆ ಆಮ್ಲ ಹಚ್ಚುವುದು ಬೇಡವೇ?

ಹುಳುಕು ಹಲ್ಲನ್ನು ಲೇಸರ್‌ನಿಂದ ಕೊರೆದು ಫಿಲ್ಲಿಂಗ್ ಮಾಡುತ್ತೇವೆ, ಆಮ್ಲ ಹಚ್ಚುವ ಅಗತ್ಯವೇ ಇಲ್ಲ, ಹಿಡಿತವೂ ಹೆಚ್ಚು ಎಂದು ನಿಮ್ಮ ವೈದ್ಯರು ಹೇಳಿದ್ದಾರೆ. ನಂಬಬಹುದೇ ಎಂದು ಕೇಳಿದ್ದೀರಿ. ನಾನು ದಂತವೈದ್ಯೆ. ಲೇಸರ್ ಹಲ್ಲನ್ನು ಚೆನ್ನಾಗಿ ಕೊರೆಯುತ್ತದೆ ಎಂಬುದನ್ನು ನಂಬಿ. ಆಮ್ಲ ಬೇಡ ಎಂಬುದನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಬೇಡಿ.

ರಾಳದಿಂದ ಮಾಡಿದ, ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಹಲ್ಲಿನ ನುಣುಪಾದ ಹೊರಪದರವಾದ ಎನಾಮೆಲ್‌ಗೆ ತಾನಾಗಿ ಅಂಟುವುದಿಲ್ಲ. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಆಮ್ಲ ಖನಿಜವನ್ನು ಸ್ವಲ್ಪವೇ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಒತ್ತೊತ್ತಾಗಿ ಮೂಡಿಸುತ್ತದೆ. ದ್ರವರೂಪದ ರಾಳ ಅವುಗಳೊಳಗೆ ಇಳಿದು, ಬೆಳಕು ಬಿದ್ದಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇಂದು ನಾವು ಸಾಮಾನ್ಯವಾಗಿ ಶೇ 37ರ ಜೆಲ್ ಅನ್ನು ಎನಾಮೆಲ್ ಮೇಲೆ 15ರಿಂದ 30 ಸೆಕೆಂಡು ಬಿಟ್ಟು ತೊಳೆಯುತ್ತೇವೆ. ಇಷ್ಟು ಅಗ್ಗವಾದ, ಇಷ್ಟು ನಂಬಿಕೆಗೆ ಅರ್ಹವಾದ ಹಂತ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ.

ಹಲ್ಲು ಕೊರೆಯಲು ಹೆಚ್ಚಾಗಿ ಬಳಸುವುದು ಎರ್ಬಿಯಂ ಲೇಸರ್‌ಗಳನ್ನು. ಒಂದರ ತರಂಗಾಂತರ 2940 ನ್ಯಾನೊಮೀಟರ್, ಇನ್ನೊಂದರದ್ದು 2780. ಈ ಬೆಳಕನ್ನು ನೀರು ಬಹಳವಾಗಿ ಹೀರಿಕೊಳ್ಳುತ್ತದೆ. ಹಲ್ಲಿನೊಳಗಿನ ತೇವ ಕ್ಷಣದಲ್ಲಿ ಆವಿಯಾಗಿ ಸಿಡಿದು, ಖನಿಜದ ಚೂರುಗಳನ್ನು ಹೊರಕ್ಕೆ ಎಸೆಯುತ್ತದೆ. ಪಟಪಟ ಸದ್ದು ಬರುವುದು ಅದರಿಂದಲೇ. ಡ್ರಿಲ್ ಕೊರೆದ ಮೇಲೆ ಪುಡಿ ಮೆತ್ತಿಕೊಂಡು ತೆಳುವಾದ ಪದರವೊಂದು ಉಳಿಯುತ್ತದೆ. ಲೇಸರ್ ಅದನ್ನು ಉಳಿಸುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಮೈ ಒರಟಾಗಿ, ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ನ ಸಣ್ಣ ನಾಳಗಳ ಬಾಯಿ ತೆರೆದು ಕಾಣುತ್ತದೆ. ಆಮ್ಲದ ಕೆಲಸ ಇಲ್ಲೇ ಆಗಿಹೋಯಿತು ಎಂಬ ಭರವಸೆ ಹುಟ್ಟಿದ್ದು ಆ ಚಿತ್ರಗಳಿಂದ.

ಆದರೆ ಒರಟಾದದ್ದೆಲ್ಲ ಹಿಡಿತ ಕೊಡುವುದಿಲ್ಲ. ಎನಾಮೆಲ್ ಮೇಲೆ ಲೇಸರ್ ಮಾಡುವ ಕುಳಿಗಳು ಅಡ್ಡಾದಿಡ್ಡಿಯಾಗಿರುತ್ತವೆ, ಅವುಗಳ ಕೆಳಗೆ ಸೂಕ್ಷ್ಮ ಬಿರುಕುಗಳೂ ಇರಬಹುದು. ರಾಳ ಅಂಥ ಪದರಕ್ಕೆ ಅಂಟಿದರೆ ಆ ಪದರವೇ ಹಲ್ಲಿನಿಂದ ಕಿತ್ತು ಬರುತ್ತದೆ. ಗೋಡೆಯ ಸಡಿಲವಾದ ಸುಣ್ಣದ ಮೇಲೆ ಬಣ್ಣ ಬಳಿದ ಹಾಗೆ. ಡೆಂಟಿನ್‌ನ ಸಮಸ್ಯೆ ಇನ್ನೂ ಆಳದ್ದು. ಅಲ್ಲಿ ಆಮ್ಲ ಖನಿಜವನ್ನು ತೆಗೆದು ಕೊಲಾಜೆನ್ ಎಂಬ ಪ್ರೋಟೀನ್ ನಾರುಗಳ ಬಲೆಯನ್ನು ಉಳಿಸುತ್ತದೆ, ರಾಳ ಆ ಬಲೆಯೊಳಗೆ ಸೇರಿಕೊಳ್ಳುತ್ತದೆ. ಜಪಾನಿನ ಸಂಶೋಧಕ ನಕಬಯಾಶಿ ಮತ್ತು ಸಂಗಡಿಗರು 1982ರಲ್ಲಿ ವಿವರಿಸಿದ ಈ ಮಿಶ್ರ ಪದರವೇ ಡೆಂಟಿನ್‌ಗೆ ರಾಳ ಅಂಟಿಸುವ ಕೆಲಸದ ಜೀವಾಳ. ಲೇಸರ್‌ನ ಶಾಖ ಮೇಲ್ಪದರದ ಕೊಲಾಜೆನ್ ಅನ್ನು ಕೆಡಿಸಿ ನಾರುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ರಾಳ ಒಳಗೆ ಹೋಗಲು ಸಂದು ಸಿಗುವುದಿಲ್ಲ. ನಾಳಗಳ ಬಾಯಿ ತೆರೆದಿದ್ದರೂ ಈ ನಷ್ಟ ತುಂಬಿಬರುವುದಿಲ್ಲ.

ಪ್ರಯೋಗಾಲಯದಲ್ಲಿ ಅಂಟಿದ ರಾಳವನ್ನು ಎಳೆದು ನೋಡಿದ ಪರೀಕ್ಷೆಗಳ ಫಲಿತಾಂಶಗಳು ಒಂದೇ ರೀತಿ ಇಲ್ಲ. ಶಕ್ತಿಯ ಪ್ರಮಾಣ, ಮಿಡಿತದ ಅವಧಿ, ನೀರಿನ ಸಿಂಪಡಣೆ ಬದಲಾದಂತೆ ಫಲವೂ ಬದಲಾಗುತ್ತದೆ. ಆದರೂ ಎನಾಮೆಲ್ ಮಟ್ಟಿಗೆ ಬರೀ ಲೇಸರ್‌ಗಿಂತ ಲೇಸರ್ ನಂತರ ಆಮ್ಲ ಎಂಬ ಕ್ರಮವೇ ಹೆಚ್ಚು ಭರವಸೆಯದ್ದು. ಕೊನೆಯಲ್ಲಿ ಕಡಿಮೆ ಶಕ್ತಿಯಲ್ಲಿ ಒಮ್ಮೆ ಹಾಯಿಸಿ, ಬಳಿಕ ಆಮ್ಲ ಹಚ್ಚುವ ವೈದ್ಯರ ಬಗ್ಗೆ ನನಗೆ ಗೌರವವಿದೆ.

ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಿ. ಕೆಲವು ಅಂಟುಗಳಲ್ಲಿ ಆಮ್ಲದ ಗುಣ ಸೇರಿಯೇ ಇರುತ್ತದೆ, ಅವನ್ನು ಸೆಲ್ಫ್-ಎಚ್ ಎನ್ನುತ್ತೇವೆ. ನಿಮ್ಮ ವೈದ್ಯರು ಹೇಳಿದ್ದು ಅದನ್ನೇ ಆಗಿದ್ದರೆ ಅದು ಬೇರೆ ಮಾತು. ಆಗಲೂ ಎನಾಮೆಲ್‌ನ ಅಂಚಿಗಷ್ಟೇ ಫಾಸ್ಫಾರಿಕ್ ಆಮ್ಲ ಹಚ್ಚುವುದು ಒಳ್ಳೆಯದು.

ಹಾಗೆಂದು ಲೇಸರ್ ಬೇಡ ಎನ್ನುತ್ತಿಲ್ಲ. ಡ್ರಿಲ್‌ನ ಕಂಪನ ಇರುವುದಿಲ್ಲ, ಎಷ್ಟೋ ಸಲ ಅರಿವಳಿಕೆಯ ಚುಚ್ಚುಮದ್ದೂ ಬೇಕಾಗುವುದಿಲ್ಲ. ಸೂಜಿ ಕಂಡರೆ ನಡುಗುವ ಮಕ್ಕಳಿಗೆ ಇದು ದೊಡ್ಡ ಉಪಕಾರ. ಹುಳುಕಾದ ಭಾಗದಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದು ಬೇಗ ಹೋಗಿ, ಗಟ್ಟಿ ಹಲ್ಲು ಹೆಚ್ಚು ಉಳಿಯುತ್ತದೆ. ಕೆಲಸ ಮಾತ್ರ ನಿಧಾನ. ಹಳೆಯ ಬೆಳ್ಳಿ ಫಿಲ್ಲಿಂಗ್ ಇದ್ದರೆ ಅದನ್ನು ತೆಗೆಯಲು ಡ್ರಿಲ್ಲೇ ಬೇಕು.

ವೈದ್ಯರನ್ನು ನೇರವಾಗಿ ಕೇಳಿ: ಲೇಸರ್ ಆದ ಮೇಲೆ ಎನಾಮೆಲ್‌ಗೆ ಆಮ್ಲ ಹಚ್ಚುತ್ತೀರಾ? ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕುತ್ತೀರಾ? ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯದಲ್ಲ, ಒದ್ದೆಯಾದ ಹಲ್ಲಿನ ಮೇಲೆ ಯಾವ ಯಂತ್ರದ ತಯಾರಿಯೂ ಫಲ ಕೊಡುವುದಿಲ್ಲ. ಕೊರೆಯುವಾಗ ನೀರಿನ ಸಿಂಪಡಣೆ ನಿಲ್ಲಬಾರದು, ನಿಂತರೆ ಒಳಗಿನ ಜೀವಂತ ತಿರುಳಿಗೆ ಶಾಖ ತಟ್ಟುತ್ತದೆ. ಕೋಣೆಯಲ್ಲಿರುವ ಎಲ್ಲರೂ ಆ ತರಂಗಾಂತರಕ್ಕೆಂದೇ ಇರುವ ರಕ್ಷಣಾ ಕನ್ನಡಕ ಹಾಕಿಕೊಂಡಿರಬೇಕು. ನಿಮಗೆ ಅದನ್ನು ಕೊಡದೆಯೇ ಲೇಸರ್ ಶುರು ಮಾಡಲು ಹೊರಟರೆ ಕುರ್ಚಿಯಿಂದ ಎದ್ದುಬಿಡಿ.