ಅಣುಗಳೆಲ್ಲವೂ ಆರ್‌ಎನ್‌ಎಗೆ ಅಂಟುತ್ತಿರುವಂತೆ ಕಾಣುವ ಬಗ್ಗೆ

ಬಳ್ಳಾರಿಯ ನಿಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಇಷ್ಟೊಂದು ಅಣುಗಳು ನಿಜವಾಗಿಯೂ ಆರ್‌ಎನ್‌ಎಗೆ ಅಂಟುತ್ತಿವೆಯೇ ಎಂದು ಕೇಳಿದ್ದೀರಿ. ಟಾರ್ ಆರ್‌ಎನ್‌ಎಯಿಂದ (ಎಚ್‌ಐವಿ ವೈರಸ್‌ನ ಆರ್‌ಎನ್‌ಎಯ ಒಂದು ತುಣುಕು) ಥಯಾಜೋಲ್ ಆರೆಂಜ್ ಅನ್ನು (ಆರ್‌ಎನ್‌ಎಗೆ ಅಂಟಿದಾಗ ಹೊಳೆಯುವ ಬಣ್ಣ) ಹೊರದೂಡುವ ಪರೀಕ್ಷೆಯಲ್ಲಿ ನಿಮ್ಮ 80 ಸಂಯುಕ್ತಗಳ ಪೈಕಿ 31 ಪ್ರಕಾಶವನ್ನು ತಗ್ಗಿಸಿವೆಯೆಂದರೆ, ಬಹುಪಾಲು ಅವು ಋಣ ಆವೇಶದ ಯಾವುದೇ ಆರ್‌ಎನ್‌ಎಗೂ ಅಂಟುವ ಧನ ಆವೇಶದ ಅಣುಗಳು, ಇಲ್ಲವೇ ತಾವೇ ಬೆಳಕನ್ನು ಹೀರುವ ಬಣ್ಣದ ಅಣುಗಳು. ರಚನೆಗಳನ್ನು ನೋಡದೆ ಯಾವುದೆಂದು ಖಚಿತವಾಗಿ ಹೇಳಲಾಗದು.

ಮೊದಲು ಪ್ರತಿ ಸಂಯುಕ್ತವೂ 500 ಮತ್ತು 530 ನ್ಯಾನೋಮೀಟರ್ ಆಸುಪಾಸಿನಲ್ಲಿ (ಥಯಾಜೋಲ್ ಆರೆಂಜ್ ಬೆಳಕನ್ನು ಹೀರುವ ಮತ್ತು ಹೊಮ್ಮಿಸುವ ತರಂಗಾಂತರಗಳು) ಬೆಳಕನ್ನು ಹೀರುತ್ತದೆಯೇ ಎಂದು ಅಳೆದು, ಹೀರುವವನ್ನು ಬದಿಗಿಡಿ. ಉಳಿದವನ್ನು 0.01% ಟ್ವೀನ್-20 (ಒಂದು ಮಾರ್ಜಕ) ಮತ್ತು ಹೆಚ್ಚಿನ ಉಪ್ಪಿರುವ ಬಫರ್‌ನಲ್ಲಿ ಮರುಪರೀಕ್ಷಿಸಿ. ಅನಂತರ ಮೂರು ನ್ಯೂಕ್ಲಿಯೋಟೈಡ್‌ಗಳ ಉಬ್ಬನ್ನು ತೆಗೆದ ಟಾರ್ ಹಾಗೂ ಟಿಆರ್‌ಎನ್‌ಎಗಳ (ಜೀವಕೋಶದಲ್ಲಿ ಅಮೈನೋ ಆಮ್ಲಗಳನ್ನು ಹೊತ್ತೊಯ್ಯುವ ಬೇರೊಂದು ಆರ್‌ಎನ್‌ಎ) ಮೇಲೆ ಪ್ಲೇಟಿನ ಪ್ರತ್ಯೇಕ ಗುಂಡಿಗಳಲ್ಲಿ ಅದೇ ಪರೀಕ್ಷೆ ನಡೆಸಿ, ಮೂಲ ಟಾರ್ ಸೇರಿ ಮೂರರಲ್ಲೂ ಒಂದೇ ಬಗೆಯಾಗಿ ವರ್ತಿಸುವ ಅಣುಗಳನ್ನು ಕೈಬಿಡಿ. ಟಿಆರ್‌ಎನ್‌ಎಯನ್ನು ಟಾರ್ ಇರುವ ಗುಂಡಿಗೇ ಬೆರೆಸಬೇಡಿ. ಅದೂ ಬಣ್ಣವನ್ನು ಹಿಡಿದುಕೊಳ್ಳುವುದರಿಂದ ಫಲಿತಾಂಶ ಇನ್ನಷ್ಟು ಗೊಂದಲವಾಗುತ್ತದೆ.

ಬಳ್ಳಾರಿಯ ಬೇಸಿಗೆಯಲ್ಲಿ ಒಂದು ಎಚ್ಚರಿಕೆ ಅಗತ್ಯ: ಸಾಮಾನ್ಯ ಪ್ಲೇಟ್ ರೀಡರ್ (ಗುಂಡಿಗಳ ಪ್ರಕಾಶವನ್ನು ಅಳೆಯುವ ಯಂತ್ರ) ಕಾಯಿಸಬಲ್ಲದೇ ಹೊರತು ತಂಪು ಮಾಡಲಾರದು, ಆದ್ದರಿಂದ ಕೋಣೆ 38 ಡಿಗ್ರಿಯಿದ್ದರೆ 25ಕ್ಕೆ ಹೊಂದಿಸಿ ಪ್ರಯೋಜನವಿಲ್ಲ, ಬಣ್ಣದ ಪ್ರಕಾಶವೂ ಕುಸಿಯುತ್ತದೆ. ಎಸಿ ಇರುವ ಕೋಣೆಯಲ್ಲಿ, ಪ್ರತಿ ಪ್ಲೇಟಿನಲ್ಲೂ ಹೋಲಿಕೆಗಾಗಿ ನಿಯೋಮೈಸಿನ್ (ಟಾರ್‌ಗೆ ಅಂಟುತ್ತದೆಂದು ತಿಳಿದಿರುವ ಪ್ರತಿಜೀವಕ) ಮತ್ತು ಬರಿ ಡಿಎಂಎಸ್‌ಒ (ಸಂಯುಕ್ತಗಳನ್ನು ಕರಗಿಸುವ ದ್ರಾವಕ) ಇರಿಸಿಕೊಂಡು ಅಳೆಯಿರಿ. ಇಷ್ಟಾದ ಮೇಲೂ ಉಳಿಯುವ ಬೆರಳೆಣಿಕೆಯ ಅಣುಗಳನ್ನು ಮಾತ್ರ ಎನ್‌ಎಂಆರ್‌ಗೆ (ಅಣು ಆರ್‌ಎನ್‌ಎಗೆ ಎಲ್ಲಿ ಅಂಟುತ್ತದೆಂದು ತೋರಿಸಬಲ್ಲ ಕಾಂತೀಯ ವಿಧಾನ) ಕಳುಹಿಸಿ.